ಖಾಲಿ ಕಾಡತೂಸುಗಳ ರಾಶಿ

ಗುಂಡು ಹಾರಿದ ಮೇಲೆ ಉಳಿಯುವುದು ಹಿತ್ತಾಳೆಯ ಒಂದು ಪುಟ್ಟ ಕೊಳವೆ, ಅಂದರೆ ಕೇಸು. ಮದ್ದು ಉರಿದುಹೋಗಿರುತ್ತದೆ. ಗುಂಡು ಎದುರಿನ ಮಣ್ಣಿನ ದಿಬ್ಬದೊಳಗೆ ಹುದುಗಿರುತ್ತದೆ. ತಳದಲ್ಲಿ ಕೂತಿದ್ದ ಪ್ರೈಮರ್, ಅಂದರೆ ಹಳಬರು ಕೇಪು ಎನ್ನುವ ಕಿಡಿಮದ್ದಿನ ಬಟ್ಟಲು, ಬಂದೂಕಿನ ಸೂಜಿಯ ಏಟಿಗೆ ಕುಳಿಬಿದ್ದು ಸತ್ತಿರುತ್ತದೆ. ಇಡೀ ಕಾಡತೂಸಿನಲ್ಲಿ ಹೆಚ್ಚು ಬೆಲೆಬಾಳುವ ಭಾಗ ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ನೆಲಕ್ಕೆ ಬೀಳುತ್ತದೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆಸಿದ ಹಿತ್ತಾಳೆ ಅದು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಒಂದಿಷ್ಟು ಹಿಂದಕ್ಕೆ ಕುಗ್ಗುತ್ತದೆ. ಈ ಗುಣಕ್ಕಾಗಿಯೇ ನೂರೈವತ್ತು ವರ್ಷಗಳಿಂದ ಅದನ್ನು ಬಳಸುತ್ತಿದ್ದಾರೆ. ಅದನ್ನು ಹೆಕ್ಕಿ, ಆರಿಸಿ, ತೊಳೆದು, ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಬಳಸುವ ಕೆಲಸಕ್ಕೆ ರೀಲೋಡಿಂಗ್ ಎನ್ನುತ್ತಾರೆ. ತುಂಬುವ ಕೆಲಸದ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ಆರಿಸುವ ಕೆಲಸ ಮಾತ್ರ ಬಹಳ ದಿನಗಳಿಂದ ನನ್ನ ತಲೆಯಲ್ಲಿ ಕೂತಿದೆ.

1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ತೋಟಾ ಕಾಗದದ್ದು. ಹಾರಿಸಿದ ಮೇಲೆ ಅದರಿಂದ ಹೊಗೆ, ಬೂದಿ ಬಿಟ್ಟು ಏನೂ ಉಳಿಯುತ್ತಿರಲಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಲೋಹದ ತೋಟಾ ಬಂತು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಮತ್ತು ಅಮೆರಿಕದ ಹೈರಮ್ ಬರ್ಡಾನ್ 1866ರ ಆಸುಪಾಸಿನಲ್ಲಿ ಬೇರೆಬೇರೆಯಾಗಿ ರೂಪಿಸಿದ ಎರಡು ಬಗೆಯ ಪ್ರೈಮರ್‌ಗಳೇ ಇಂದಿಗೂ ಲೋಕದ ತುಂಬ ನಡೆಯುತ್ತಿವೆ. ವಿಚಿತ್ರವೆಂದರೆ ಇಂಗ್ಲೆಂಡಿನ ಬಾಕ್ಸರ್ ಪದ್ಧತಿ ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕದ ಬರ್ಡಾನ್ ಪದ್ಧತಿ ಯುರೋಪಿನಲ್ಲಿ. ಬಾಕ್ಸರ್ ಕೇಸಿನ ತಳದಲ್ಲಿ ನಡುವೆ ಒಂದೇ ತೂತು, ಆದ್ದರಿಂದ ಸತ್ತ ಪ್ರೈಮರನ್ನು ಒಳಗಿನಿಂದ ಒಂದು ಕಡ್ಡಿಯಲ್ಲಿ ತಳ್ಳಿ ಹೊರಹಾಕಬಹುದು. ಬರ್ಡಾನ್ ಕೇಸಿನಲ್ಲಿ ನಡುವೆ ಗಟ್ಟಿ ಉಬ್ಬು, ಅದರ ಆಚೀಚೆ ಎರಡು ಸಣ್ಣ ತೂತು. ತಳ್ಳಲು ಹೋದರೆ ಕಡ್ಡಿಯೇ ಮುರಿಯುತ್ತದೆ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವಿಲ್ಲ. ಬೆಳಕಿಗೆ ಹಿಡಿದು ಒಳಗೆ ಇಣುಕಿದರೆ ಮಾತ್ರ ತಿಳಿಯುತ್ತದೆ.

ಇದನ್ನೆಲ್ಲ ನಾನು ಹತ್ತಿರದಿಂದ ನೋಡಿದ್ದು ಅಮೆರಿಕದ ಅರಿಜೋನಾದಲ್ಲಿ, ನನ್ನ ತಮ್ಮನ ಮಗನ ಮನೆಯಲ್ಲಿ. ಅವನು ಹುಟ್ಟಿ ಬೆಳೆದದ್ದು ಇಲ್ಲೇ ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ, ಈಗ ಅಲ್ಲಿ ಎಂಜಿನಿಯರ್. ರಜೆಯ ದಿನ ಗುರಿ ಅಭ್ಯಾಸದ ಮೈದಾನಕ್ಕೆ ಹೋಗುತ್ತಾನೆ. ಆ ದೇಶದಲ್ಲಿ ಸ್ವಂತ ಬಳಕೆಗೆ ರೀಲೋಡಿಂಗ್ ಮಾಡಿಕೊಳ್ಳಲು ಪರವಾನಗಿ ಬೇಕಿಲ್ಲ. ಮಾರುವುದಾದರೆ ಮಾತ್ರ ಬೇಕು. ಮೈದಾನದಲ್ಲಿ ಯಾರ್ಯಾರೋ ಹಾರಿಸಿ ಬಿಟ್ಟುಹೋದ ಕೇಸ್‌ಗಳನ್ನು ಗುಡಿಸಿ, ತೂಕದ ಮೇಲೆ ಮಾರುತ್ತಾರೆ. ಅಂಥ ಒಂದು ಬಕೆಟ್ಟನ್ನು ಅವನು ಗ್ಯಾರೇಜಿನ ಬೆಂಚಿನ ಮೇಲೆ ಸುರಿದ. ಮರಳು, ಒಣಹುಲ್ಲು, ಸಿಗರೇಟಿನ ತುಂಡು, ಅದರ ನಡುವೆ ಸಾವಿರಾರು ಹಿತ್ತಾಳೆ ಕೊಳವೆಗಳು. "ದೊಡ್ಡಪ್ಪ, ಕನ್ನಡಕ ಹಾಕ್ಕೊಳ್ಳಿ. ಇಲ್ಲಿ ಎಲ್ಲಾ ಒಂದೇ ತರ ಕಾಣುತ್ತೆ, ಆದ್ರೆ ಒಂದೂ ಒಂದರ ಹಾಗಿರಲ್ಲ" ಎಂದ. ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಗೇಜ್ ಹಿಡಿದೇ ವಯಸ್ಸು ಕಳೆದ ನನಗೆ ಆ ಮಾತು ಹೊಸದಲ್ಲ. ಆದರೂ ಕೂತೆ.

ಮೊದಲು ಅವನು ರಾಶಿಯ ಮೇಲೆ ಅಯಸ್ಕಾಂತ ಆಡಿಸಿದ. ಹಿತ್ತಾಳೆಯ ಬಣ್ಣದ ಲೇಪವಿದ್ದರೂ ಒಳಗೆ ಉಕ್ಕಿರುವ ಕೇಸ್‌ಗಳು ಟಕ್ಕೆಂದು ಅಂಟಿಕೊಂಡವು. ಅವು ಈ ಕೆಲಸಕ್ಕಲ್ಲ. ಬೂದುಬಣ್ಣದ ಅಲ್ಯೂಮಿನಿಯಂ ಕೇಸ್‌ಗಳನ್ನು ಕಣ್ಣಲ್ಲೇ ಗುರುತಿಸಿ ತೆಗೆದ. .22 ಅಳತೆಯ ಸಣ್ಣ ಕೇಸ್‌ಗಳನ್ನು ನೋಡುವ ಗೋಜಿಗೂ ಹೋಗಲಿಲ್ಲ. ಅವುಗಳ ಕಿಡಿಮದ್ದು ತಳದ ಅಂಚಿನ ಮಡಿಕೆಯೊಳಗೇ ಇರುತ್ತದೆ, ಸೂಜಿ ಆ ಅಂಚನ್ನೇ ಜಜ್ಜುತ್ತದೆ, ಒಂದು ಸಲಕ್ಕೆ ಅವುಗಳ ಬಾಳು ಮುಗಿಯಿತು. ಆಮೇಲೆ ತೂತಿನ ತಟ್ಟೆಗಳು: ಒಂದರ ಕೆಳಗೊಂದು ಜೋಡಿಸಿ ಅಲ್ಲಾಡಿಸಿದರೆ .45 ಮೇಲಿನ ತಟ್ಟೆಯಲ್ಲಿ ಉಳಿಯುತ್ತದೆ, .40 ನಡುವಿನದರಲ್ಲಿ, 9 ಎಂಎಂ ಕೆಳಗೆ. ಇಷ್ಟಾದರೆ ಯಂತ್ರದ ಕೆಲಸ ಮುಗಿಯಿತು. ಕಣ್ಣು, ಕಿವಿ, ಬೆರಳಿನ ಕೆಲಸ ಶುರುವಾಗುವುದು ಅಲ್ಲಿಂದ.

9 ಎಂಎಂ ಕೇಸಿನ ಉದ್ದ 19.15 ಮಿಲಿಮೀಟರ್. .380 ಎಂಬ ಇನ್ನೊಂದು ಜಾತಿ ಇದೆ, ಉದ್ದ ಸುಮಾರು 17.3 ಮಿಲಿಮೀಟರ್. ತಳದ ಅಗಲ ಹೆಚ್ಚುಕಡಿಮೆ ಒಂದೇ ಆದ್ದರಿಂದ ತಟ್ಟೆಯ ತೂತು ಎರಡನ್ನೂ ಬಿಟ್ಟುಬಿಡುತ್ತದೆ. ಇವೆರಡರ ನಡುವೆ 18 ಮಿಲಿಮೀಟರಿನ ರಷ್ಯದ ಮಕರೋವ್ ಬೇರೆ. ಒಂದು ಜಾತಿಯ ಲೆಕ್ಕಕ್ಕೆ ಅಳೆದ ಮದ್ದು ಇನ್ನೊಂದು ಜಾತಿಯ ಕೇಸಿನೊಳಗೆ ಹೋದರೆ ಮುಂದಿನ ಸಲ ಅದು ಹಾರುವಾಗ ಹಿಡಿದವನ ಕೈಗೇ ಅಪಾಯ. 9 ಎಂಎಂ ತೋಟಾ ಸಿಡಿಯುವ ಕ್ಷಣದಲ್ಲಿ ಒಳಗಿನ ಒತ್ತಡ ಚದರ ಇಂಚಿಗೆ 35,000 ಪೌಂಡಿನವರೆಗೆ ಏರಬಹುದು. ಎರಡು ಮಿಲಿಮೀಟರಿನ ಅಸಡ್ಡೆಯನ್ನು ಆ ಒತ್ತಡ ಮನ್ನಿಸುವುದಿಲ್ಲ. ಇನ್ನೊಂದು ಕಾಟ, ಒಂದರೊಳಗೊಂದು ಸೇರಿಕೊಂಡು ಬರುವ ಕೇಸ್‌ಗಳದು. .45ರ ಹೊಟ್ಟೆಯಲ್ಲಿ 9 ಎಂಎಂ, ಅದರ ಹೊಟ್ಟೆಯಲ್ಲಿ .32. ಮೇಲಿನಿಂದ ನೋಡಿದವರಿಗೆ ಒಂದೇ ಕೇಸು. .45ರಲ್ಲಂತೂ ಹಳೆಯವಕ್ಕೆ ದೊಡ್ಡ ಪ್ರೈಮರ್ ಗುಳಿ, ಈಚಿನ ಕೆಲವಕ್ಕೆ ಸಣ್ಣದು. ಮಿಕ್ಕ ಅಳತೆಯೆಲ್ಲ ಒಂದೇ.

ನಮ್ಮ ದೇಶದಲ್ಲೂ ಇಂಥ ಗೊಂದಲಕ್ಕೆ ಕೊರತೆಯಿಲ್ಲ. ಸಾಮಾನ್ಯ ನಾಗರಿಕರಿಗೆ 9 ಎಂಎಂ ನಿಷಿದ್ಧ. ಪರವಾನಗಿ ಉಳ್ಳವರ ಕೈಯಲ್ಲಿ ಹೆಚ್ಚಾಗಿ ಇರುವುದು .32. ಆದರೆ .32ರಲ್ಲೇ ಎರಡಿವೆ. ಪಿಸ್ತೂಲಿನ .32 ಗಿಡ್ಡ, 17 ಮಿಲಿಮೀಟರ್ ಚಿಲ್ಲರೆ. ರಿವಾಲ್ವರಿನ .32 ಉದ್ದ, 23 ಮಿಲಿಮೀಟರ್ ದಾಟುತ್ತದೆ, ತಳದಲ್ಲಿ ಎದ್ದುಕಾಣುವ ಅಂಚು. ಹೆಸರಿನಲ್ಲಿ ಅಂಕಿ ಒಂದೇ ಇದ್ದರೂ ಇದು ಅದರಲ್ಲಿ ನಡೆಯದು, ಅದು ಇದರಲ್ಲಿ ನಡೆಯದು. ತಳವನ್ನು ತಿರುಗಿಸಿ ನೋಡಿದರೆ ಮುದ್ರೆ ಇರುತ್ತದೆ. ಪುಣೆಯ ಖಡ್ಕಿಯಲ್ಲಿ 1869ರಿಂದ ನಡೆಯುತ್ತಿರುವ ಮದ್ದುಗುಂಡು ಕಾರ್ಖಾನೆಯ ಮಾಲಿಗೆ 'ಕೆಎಫ್' ಎಂಬ ಗುರುತು. ಎಲ್ಲಿ ಹುಟ್ಟಿತು, ಯಾವ ಅಳತೆ, ಎಷ್ಟೋ ಸಲ ಯಾವ ವರ್ಷ ಎಂಬುದನ್ನೂ ಅಷ್ಟಗಲದ ತಳದಲ್ಲಿ ಕೊರೆದಿರುತ್ತಾರೆ. ಆದರೆ ಹುಟ್ಟಿದ ಮೇಲೆ ಅದು ಎಷ್ಟು ಸಲ ಉರಿಯಿತು, ಯಾವ ಬಂದೂಕಿನಲ್ಲಿ ಉಬ್ಬಿತು, ಎಷ್ಟು ಸಲ ಡೈ ಎಂಬ ಅಚ್ಚಿನೊಳಗೆ ಹೋಗಿ ಮತ್ತೆ ಹಳೇ ಅಳತೆಗೆ ಬಂತು ಎಂಬುದನ್ನು ಯಾವ ಮುದ್ರೆಯೂ ಹೇಳುವುದಿಲ್ಲ. ಆರಿಸುವವನು ತಿಳಿಯಬೇಕಾದದ್ದು ಅದನ್ನೇ.

ತಮ್ಮನ ಮಗ ಒಂದು ಹಿಡಿ ಕೇಸ್ ತೆಗೆದುಕೊಂಡು ಬೊಗಸೆಯಲ್ಲಿ ಕುಲುಕಿದ. ಗಲಗಲ ಎಂಬ ಸ್ವಚ್ಛ ಸದ್ದು. ಇನ್ನೊಂದು ಹಿಡಿ ತೆಗೆದ. ಅದೇ ಗಲಗಲದ ನಡುವೆ ಎಲ್ಲೋ ಒಂದು ಒಡಕು ದನಿ. "ಇದರಲ್ಲಿ ಒಂದು ಒಡೆದಿದೆ" ಎಂದು ಹುಡುಕಿ ತೆಗೆದ. ಬಾಯಿಯ ಅಂಚಿನಿಂದ ಕೂದಲೆಳೆಯಷ್ಟು ಸಣ್ಣ ಸೀಳು. ಕಣ್ಣಿಗೆ ಮೊದಲು ಬಿದ್ದಿರಲಿಲ್ಲ. ಆ ದನಿ ಕೇಳಿ ನಮ್ಮಪ್ಪ ನೆನಪಾದರು. ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ದಿಮ್ಮಿಯ ಆಸರೆ ಕೊಡುವ ಟಿಂಬರಿಂಗ್ ಗ್ಯಾಂಗಿನಲ್ಲಿದ್ದವರು. ಪಾಳಿ ಶುರುವಾಗುವಾಗ ತಲೆ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ ನೋಡುತ್ತಿದ್ದರಂತೆ. ಗಟ್ಟಿ ಬಂಡೆ ಖಣ್ ಎನ್ನುತ್ತದೆ, ಒಳಗೆ ಬಿರುಕು ಬಿಟ್ಟು ಸಡಿಲವಾದದ್ದು ಡಬ್ ಎನ್ನುತ್ತದೆ. ಡಬ್ ಎಂದ ಕಡೆ ಯಾರೂ ನಿಲ್ಲುವ ಹಾಗಿಲ್ಲ, ಮೊದಲು ಅದನ್ನು ಕೆಡವಬೇಕು ಇಲ್ಲವೇ ದಿಮ್ಮಿ ಕೊಡಬೇಕು. ಆ ಕಿವಿ ಇದ್ದವರು ಪಾಳಿ ಮುಗಿಸಿ ಮನೆಗೆ ಬಂದರು.

ಲೋಹದ ಒಳಗೆ ಬಿರುಕು ಹುಟ್ಟುವ ಬಗೆಯ ಬಗ್ಗೆ ನಮ್ಮ ದೇಶದ್ದೇ ಒಂದು ಕಥೆಯಿದೆ. ಇದನ್ನು ಲೋಹಶಾಸ್ತ್ರದ ಪಾಠಗಳಲ್ಲಿ ಇಂದಿಗೂ ಹೇಳುತ್ತಾರೆ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಮಳೆಗಾಲ ಬಂತೆಂದರೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಸಂಗ್ರಹಿಸಿಡುತ್ತಿತ್ತು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಯಾರೂ ಹಾರಿಸದ, ಯಾರೂ ಮುಟ್ಟದ ಹೊಸ ಹಿತ್ತಾಳೆ ಕೇಸ್‌ಗಳು ಸೀಳಿಹೋಗಿರುತ್ತಿದ್ದವು. ಋತು ಬದಲಾದಾಗ ಬರುವ ಕಾಯಿಲೆ ಎಂದುಕೊಂಡು ಅದಕ್ಕೆ ಋತುವಿನ ಹೆಸರನ್ನೇ ಇಟ್ಟರು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು. ಕುದುರೆ ಗಂಜಲದಿಂದ ಏಳುವ ಅಮೋನಿಯಾ ಮಳೆಗಾಲದ ತೇವದ ಜೊತೆ ಸೇರಿ ಹಿತ್ತಾಳೆಯ ಮೇಲೆ ಕೂರುತ್ತದೆ. ಆದರೆ ಅಮೋನಿಯಾ ಒಂದೇ ಇದ್ದರೆ ಹೀಗೆ ಸೀಳುವುದಿಲ್ಲ. ಕಾರ್ಖಾನೆಯಲ್ಲಿ ತಗಡಿನ ಬಟ್ಟಲನ್ನು ಎಳೆದು ಎಳೆದು ಕೊಳವೆ ಮಾಡುವಾಗ ಲೋಹದೊಳಗೆ ಒಂದು ಬಿಗಿತ ಉಳಿದುಬಿಟ್ಟಿರುತ್ತದೆ. ಹೊರಗಿನ ಆವಿ ಆ ಒಳಗಿನ ಬಿಗಿತಕ್ಕೆ ದಾರಿ ತೋರಿಸುತ್ತದೆ, ಅಷ್ಟೆ. ಪರಿಹಾರವೂ ಸರಳವಾಗಿತ್ತು. ಕೊಳವೆ ಮಾಡಿದ ಮೇಲೆ ಹದವಾದ ಕಾವು ಕೊಟ್ಟು ಬಿಗಿತ ಇಳಿಸುವುದು, ಆಮೇಲೆ ಒಣಗಿದ ಜಾಗದಲ್ಲಿ ಇಡುವುದು.

ಈ ಕಥೆಯನ್ನು ಓದಿದಾಗ ನನಗೆ ನಮ್ಮೂರಿನ ನೆಲ ನೆನಪಾಗದೆ ಇರಲಿಲ್ಲ. ಕೆಜಿಎಫ್‌ನಲ್ಲಿ ಹುಟ್ಟಿದವರೆಲ್ಲ ರಾತ್ರಿ ಹೊತ್ತು ಪಾತ್ರೆಗಳು ಗಡಗಡ ಎಂದದ್ದನ್ನು, ಗೋಡೆ ನಡುಗಿದ್ದನ್ನು ಕಂಡವರೇ. ಹಿರಿಯರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು, ಪುಸ್ತಕದವರು ರಾಕ್ ಬರ್ಸ್ಟ್ ಎನ್ನುತ್ತಾರೆ. ಮೂರು ಕಿಲೋಮೀಟರಿಗೂ ಆಳಕ್ಕೆ ಅಗೆದಾಗ ಸುತ್ತಲಿನ ಬಂಡೆಯಲ್ಲಿ ಯುಗಯುಗಗಳಿಂದ ತುಂಬಿಕೊಂಡಿದ್ದ ಒತ್ತಡ ಖಾಲಿ ಜಾಗ ಸಿಕ್ಕ ಕಡೆ ಒಮ್ಮೆಲೇ ಸಿಡಿಯುತ್ತದೆ. ಎಷ್ಟೋ ಮಂದಿ ಅದರಲ್ಲಿ ಸತ್ತರು. ಈ ಸಿಡಿತ ಅರ್ಥಮಾಡಿಕೊಳ್ಳಲು ನಡೆದ ದಶಕಗಳ ಕೆಲಸದ ಬೆನ್ನಲ್ಲೇ 1988ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ರಾಷ್ಟ್ರೀಯ ಶಿಲಾ ಬಲವಿಜ್ಞಾನ ಸಂಸ್ಥೆ ಹುಟ್ಟಿತು. ಗಣಿ ಮುಚ್ಚಿ, ಸುರಂಗಗಳಲ್ಲಿ ನೀರು ತುಂಬಿದ ಮೇಲೂ ನೆಲ ಆಗಾಗ ನಡುಗಿದ್ದುಂಟು. ಕೆಲಸ ನಿಂತರೂ ಬಿಗಿತ ನಿಲ್ಲಲಿಲ್ಲ. ಹಿತ್ತಾಳೆಯ ಕೇಸಿಗೂ ಅಷ್ಟೆ. ಪ್ರತಿ ಸಲ ಸಿಡಿದಾಗ ಅದು ಉಬ್ಬಿ ಬಂದೂಕಿನ ಗೂಡಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಆಮೇಲೆ ಒಂದಿಷ್ಟು ಕುಗ್ಗುತ್ತದೆ. ಡೈಯಲ್ಲಿ ಒತ್ತಿ ಅದನ್ನು ಮತ್ತೆ ಹಳೇ ಅಳತೆಗೆ ತರುತ್ತಾರೆ. ಪ್ರತಿ ಸುತ್ತಿಗೂ ಲೋಹ ಗಡಸಾಗುತ್ತಾ ಹೋಗುತ್ತದೆ. ಗಡಸಾದದ್ದು ಒಂದು ದಿನ ಬಾಗುವ ಬದಲು ಸೀಳುತ್ತದೆ. ಸೀಳುವುದಕ್ಕೆ ಮುಂಚಿನ ದಿನದವರೆಗೂ ನೋಡಲು ಅದು ಚೆನ್ನಾಗಿಯೇ ಇರುತ್ತದೆ.

ಆರಿಸುವವನ ಕಷ್ಟ ಇರುವುದು ಇಲ್ಲೇ. ಒಡೆದದ್ದನ್ನು ಯಾರಾದರೂ ಎಸೆಯುತ್ತಾರೆ. ಒಡೆಯಲಿರುವುದನ್ನು ಎಸೆಯಲು ಒಂದು ನಿಷ್ಠುರತೆ ಬೇಕು. ಗ್ಯಾರೇಜಿನ ಬೆಂಚಿನ ಕೆಳಗೆ ತಿರಸ್ಕೃತ ಮಾಲಿಗೆಂದೇ ಒಂದು ಡಬ್ಬ ಇತ್ತು. ಅನುಮಾನ ಬಂದದ್ದೆಲ್ಲ ಅದರೊಳಕ್ಕೆ. ತಳದ ಹತ್ತಿರ ಉಬ್ಬಿದ್ದು, ಪ್ರೈಮರ್ ಗುಳಿ ಸಡಿಲವಾದದ್ದು, ಸುತ್ತಲೂ ತೆಳ್ಳಗೆ ಹೊಳೆಯುವ ಗೆರೆ ಮೂಡಿದ್ದು. ಡಬ್ಬ ಬೇಗ ತುಂಬುತ್ತಿತ್ತು. ನಾನು ಕೇಳಿದೆ, "ಇಷ್ಟೊಂದು ಎಸೀತೀಯಲ್ಲೋ, ಉಳಿತಾಯಕ್ಕೆ ತಾನೇ ಇದನ್ನ ಮಾಡೋದು?" ಅವನು ತಲೆ ಎತ್ತದೆ ಹೇಳಿದ: "ಎಸೆಯೋ ಧೈರ್ಯ ಇದ್ರೆ ಮಾತ್ರ ಉಳಿದದ್ದನ್ನ ನಂಬಬಹುದು, ದೊಡ್ಡಪ್ಪ." ಇನ್‌ಸ್ಪೆಕ್ಷನ್ ಮೇಜಿನ ಮೇಲೆ ಕೆಂಪು ಬಣ್ಣ ಬಳಿದ ಮಾಲನ್ನು ಹೇಗಾದರೂ ಪಾಸು ಮಾಡಿ ಎಂದು ಬಂದು ನಿಲ್ಲುವವರನ್ನು ಕಂಡವನಿಗೆ ಈ ಮಾತಿನ ತೂಕ ಗೊತ್ತು. ತಪ್ಪು ಅಳತೆಯ ಬುಷ್ ಒಂದು ಯಂತ್ರದೊಳಗೆ ಹೋದರೆ ಅದು ಹೊರಬರುವುದು ಯಾವುದೋ ಊರಿನಲ್ಲಿ, ಯಾರೋ ಆಪರೇಟರ್ ಕೂತಿರುವಾಗ.

ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಯಲ್ಲೂ ಆರಿಸುವ ಕೆಲಸ ದಿನವಿಡೀ ನಡೆಯುತ್ತದೆ. ಅಲ್ಲಿಯೂ ಹಗ್ಗಕ್ಕೆ ಕಟ್ಟಿದ ಅಯಸ್ಕಾಂತ, ಅಲ್ಲಿಯೂ ಉಗುರಿನಿಂದ, ಅರದಿಂದ ಗೀರಿ ಬಣ್ಣ ನೋಡುವ ಕೈ. ತಾಮ್ರ ಒಂದು ಕಡೆ, ಹಿತ್ತಾಳೆ ಒಂದು ಕಡೆ, ಹಳೇ ಕೊಳಾಯಿ, ಮುರಿದ ದೀಪದ ಕಂಬ, ತೂತಾದ ಬಿಂದಿಗೆ. ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕರಲ್ಲೂ ರೇಟು ಕೇಳಿ ಚೌಕಾಸಿ ಮಾಡುವ ಗಿರಾಕಿಗಳು. ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಊರು ಬಿಸಾಡಿದ್ದನ್ನು ಊರಿಗೆ ವಾಪಸು ಕೊಡುವ ಕೈಗಳು ಅವು. ಆದರೆ ಗುಜರಿಯಲ್ಲಿ ಆರಿಸುವುದು ಕರಗಿಸುವುದಕ್ಕಾಗಿ. ಮೂಸೆಗೆ ಹೋದ ಹಿತ್ತಾಳೆಗೆ ಹಿಂದಿನದು ಯಾವುದೂ ಉಳಿಯುವುದಿಲ್ಲ. ಬಿರುಕು, ಬಿಗಿತ, ಉಬ್ಬು, ಮುದ್ರೆ ಎಲ್ಲವನ್ನೂ ಬೆಂಕಿ ಅಳಿಸಿಬಿಡುತ್ತದೆ. ರೀಲೋಡಿಂಗಿನಲ್ಲಿ ವಸ್ತುವನ್ನು ಅದರ ಹಳೇ ರೂಪದಲ್ಲೇ, ಅದರ ಹಿಂದಿನ ಬಾಳಿನ ಸಮೇತ ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿಕೊಳ್ಳುವುದಾದರೆ ಅದರ ಬಾಳನ್ನು ಪೂರಾ ತಿಳಿಯಬೇಕು. ಕರಗಿಸುವವನಿಗೆ ಲೋಹ ಯಾವುದೆಂದು ಗೊತ್ತಾದರೆ ಸಾಕು. ಮತ್ತೆ ಬಳಸುವವನಿಗೆ ಅದು ಏನನ್ನು ಸಹಿಸಿದೆ ಎಂಬುದೂ ಗೊತ್ತಿರಬೇಕು.

ಊರಿನ ಸುತ್ತ ನಿಂತಿರುವ ಸೈನೈಡ್ ದಿಬ್ಬಗಳ ಬಗ್ಗೆಯೂ ಈಗ ಇದೇ ಪ್ರಶ್ನೆ ಎದ್ದಿದೆ. 1880ರಿಂದ ಜಾನ್ ಟೇಲರ್ ಕಂಪನಿ, ಆಮೇಲೆ ಮೈಸೂರು ರಾಜ್ಯ, ಆಮೇಲೆ ಕೇಂದ್ರ ಸರ್ಕಾರ ಸೇರಿ ಈ ನೆಲದಿಂದ 800 ಟನ್‌ಗೂ ಹೆಚ್ಚು ಚಿನ್ನ ತೆಗೆದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದಿರನ್ನು ಪುಡಿ ಮಾಡಿ ಚಿನ್ನ ಹೀರಿಕೊಂಡ ಮೇಲೆ ಉಳಿದ ಬೂದುಬಣ್ಣದ ಹುಡಿ ಸುಮಾರು 3.3 ಕೋಟಿ ಟನ್, 13 ದಿಬ್ಬಗಳಾಗಿ ಬಿದ್ದಿದೆ. ಅದರಲ್ಲಿ ಟನ್ನಿಗೆ ಒಂದು ಗ್ರಾಂಗೂ ಕಡಿಮೆ ಚಿನ್ನ ಇನ್ನೂ ಉಳಿದಿದೆಯೆಂದು, 1,003 ಎಕರೆಯಷ್ಟು ಜಾಗದಲ್ಲಿರುವ ಆ ದಿಬ್ಬಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಕೆಲಸ ಬಂದರೆ ಊರಿಗೆ ಒಳ್ಳೆಯದೇ, ನಾನು ಬೇಡ ಎನ್ನುವವನಲ್ಲ. ಆದರೆ ಗಾಳಿ ಎದ್ದ ದಿನ ಆ ಹುಡಿ ಮನೆಯ ಹೊಸಿಲು ದಾಟಿ ಬರುವುದನ್ನು ನೋಡಿದವನಾಗಿ ಒಂದು ಮಾತು ಹೇಳಬಲ್ಲೆ. ದಿಬ್ಬದಲ್ಲಿ ಎಷ್ಟು ಚಿನ್ನವಿದೆ ಎಂದು ಲೆಕ್ಕ ಹಾಕಿದಷ್ಟೇ ಶ್ರದ್ಧೆಯಿಂದ ಅದರಲ್ಲಿ ಇನ್ನೇನಿದೆ, ಕೆದಕಿದರೆ ಏನು ಏಳುತ್ತದೆ ಎಂದೂ ಲೆಕ್ಕ ಹಾಕಬೇಕು. ಸಿಲಿಕಾ ಹುಡಿ ಕುಡಿದ ಶ್ವಾಸಕೋಶಗಳನ್ನು ಈ ಊರು ಸಾಕಷ್ಟು ಕಂಡಿದೆ.

ಹುಡಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಖಾಲಿ ಕೇಸ್‌ಗಳನ್ನು ತೊಳೆಯುವುದೂ ನಿರಪಾಯದ ಕೆಲಸವಲ್ಲ. ಸಾಮಾನ್ಯ ಪ್ರೈಮರಿನ ಕಿಡಿಮದ್ದಿನಲ್ಲಿ ಸೀಸದ ಸಂಯುಕ್ತ ಇರುತ್ತದೆ, ಉರಿದ ಮೇಲೆ ಅದು ಕರಿ ಮಸಿಯಾಗಿ ಒಳಗೆ ಕೂತಿರುತ್ತದೆ. ತಮ್ಮನ ಮಗ ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ರಾಶಿಗೆ ಕೈ ಹಾಕುವುದಿಲ್ಲ, ಮಕ್ಕಳನ್ನು ಗ್ಯಾರೇಜಿಗೆ ಬಿಡುವುದಿಲ್ಲ, ಅಡುಗೆಮನೆಯ ಪಾತ್ರೆಯೊಂದನ್ನೂ ಅದಕ್ಕೆ ಮುಟ್ಟಿಸುವುದಿಲ್ಲ. ಅವನ ಹೆಂಡತಿ ಹುಣಸೆಹಣ್ಣು ಹಾಕಿ ಉಜ್ಜಬಾರದೇ ಎಂದಳು. ಹುಳಿಗೆ ಹಿತ್ತಾಳೆಯ ಕಿಲುಬು ಬಿಡುವುದು ನಿಜ, ಅಲ್ಲಿನವರಲ್ಲೂ ನಿಂಬೆಹುಳಿಯ ಉಪ್ಪನ್ನು ನೀರಿಗೆ ಹಾಕಿ ತೊಳೆಯುವವರಿದ್ದಾರೆ. ಆದರೆ ಹುಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸತು ಬಿಟ್ಟುಹೋಗಿ ತಾಮ್ರ ಮಾತ್ರ ಉಳಿದು, ಅಲ್ಲಲ್ಲಿ ಗುಲಾಬಿ ಬಣ್ಣದ ಕಲೆ ಏಳುತ್ತದೆ. ಅಂಥ ಜಾಗ ಪೊಳ್ಳು. ಅಮೋನಿಯಾ ಇರುವ ಪಾಲಿಶ್ ಹಚ್ಚಿದರಂತೂ ಕುದುರೆ ಲಾಯದ ಕಥೆಯೇ ಮತ್ತೆ. ಫಳಫಳ ಹೊಳೆಯುವ ಕೇಸು ಗಟ್ಟಿಯಾಗಿರಬೇಕೆಂದೇನಿಲ್ಲ. ಮಂಕು ಬಣ್ಣದ್ದನ್ನು ಅವನು ಎಷ್ಟೋ ಸಲ ಉಳಿಸಿಕೊಂಡ, ಹೊಳೆಯುವುದನ್ನು ಡಬ್ಬಕ್ಕೆ ಎಸೆದ.

ಇಷ್ಟೆಲ್ಲ ಶ್ರದ್ಧೆ ಕೊನೆಗೆ ಒಂದು ಗುಂಡಿಗಾಗಿ ತಾನೇ ಎಂಬ ಪ್ರಶ್ನೆಯನ್ನು ನಾನು ಬಿಟ್ಟುಕೊಟ್ಟಿಲ್ಲ. ಬಂದೂಕಿನ ಮೋಹ ನನಗಿಲ್ಲ. ಗುರಿ ಹೊಡೆಯುವುದು ಆಟವಾಗಿರುವ ಕಡೆ ಅದು ಉಸಿರು, ಕಣ್ಣು, ಬೆರಳಿನ ಶಿಸ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಅದೇ ಹಿತ್ತಾಳೆ ಬೇರೆ ಕೈಗೆ ಸಿಕ್ಕರೆ ಬೇರೆ ಕೆಲಸಕ್ಕೆ ಹೋಗುತ್ತದೆ. ನಮ್ಮಲ್ಲಿ ಖಾಲಿ ಕೇಸಿನ ಲೆಕ್ಕ ಇಡುವುದು ಇದಕ್ಕಾಗಿಯೇ. ಎನ್‌ಸಿಸಿ ಕ್ಯಾಂಪಿನಲ್ಲಿ .22 ರೈಫಲ್ ಹಿಡಿದವರಿಗೆ ಗೊತ್ತು, ಹಾರಿಸಿದಷ್ಟೂ ಖಾಲಿ ಕೇಸು ಎಣಿಕೆಗೆ ಸಿಗದೆ ಮೈದಾನದಿಂದ ಬಿಡುಗಡೆಯಿಲ್ಲ. ಒಂದು ಕಡಿಮೆ ಬಿದ್ದರೆ ಹುಲ್ಲಿನಲ್ಲಿ ಎಲ್ಲರೂ ಮಂಡಿಯೂರಿ ಹುಡುಕಬೇಕು. ಪೊಲೀಸರ ಫೈರಿಂಗ್ ಅಭ್ಯಾಸದಲ್ಲೂ ಕೊಟ್ಟ ಗುಂಡಿಗೂ ವಾಪಸು ಬಂದ ಖಾಲಿ ಕೇಸಿಗೂ ತಾಳೆ ಆಗಬೇಕು. ಬ್ರಿಟಿಷರ ಕಾಲದಲ್ಲಿ ಇದೇ ಕೆಜಿಎಫ್‌ನಲ್ಲಿ ಗಣಿಯ ಯುರೋಪಿಯನ್, ಆಂಗ್ಲೋ ಇಂಡಿಯನ್ ನೌಕರರ ರೈಫಲ್ ಪಡೆ ಇತ್ತು, ಸ್ವಾತಂತ್ರ್ಯ ಬಂದಾಗ ಅದು ಬರಖಾಸ್ತಾಯಿತು. ಕೊಡಗಿನಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ, ಅಲ್ಲಿನ ಕೆಲವರಿಗೆ ಪರವಾನಗಿಯಿಂದ ಇರುವ ವಿನಾಯಿತಿಯ ಚರಿತ್ರೆ ಬೇರೆ. ಮಿಕ್ಕ ನಾವೆಲ್ಲ ಬದುಕುತ್ತಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ನಿಯಮದ ಅಡಿಯಲ್ಲಿ.

ಆ ಕಾಯ್ದೆ ಮದ್ದುಗುಂಡು ಎಂಬುದರ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳನ್ನೂ, ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿದೆ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸಿದರೆ ಶಿಕ್ಷೆ ಕಠಿಣ. ಅರಿಜೋನಾದ ಗ್ಯಾರೇಜಿನಲ್ಲಿ ರಜೆಯ ಹವ್ಯಾಸವಾಗಿರುವುದು ಆಂಡರ್ಸನ್‌ಪೇಟೆಯ ಹಿತ್ತಿಲಲ್ಲಿ ಅಪರಾಧ. ತಮ್ಮನ ಮಗನಿಗೂ ಇದು ಗೊತ್ತು. ಊರಿಗೆ ಬರುವಾಗ ಒಂದು ಖಾಲಿ ಕೇಸನ್ನು ನೆನಪಿಗೆಂದು ಕೂಡ ತಾರದವನು ಅವನು. ನಾನು ಈ ನಿಯಮದ ಪರ. ನಮ್ಮಂಥ ಒತ್ತೊತ್ತು ಗಲ್ಲಿಗಳ ಊರಿನಲ್ಲಿ, ಗೋಡೆಗೆ ಗೋಡೆ ತಾಗಿದ ಲೈನ್ ಮನೆಗಳ ನಡುವೆ, ಮದ್ದು ಅಳೆಯುವ ಹವ್ಯಾಸಕ್ಕೆ ಜಾಗವಿಲ್ಲ. ಆರಿಸುವ ಶ್ರದ್ಧೆಯನ್ನು ಮಾತ್ರ ಬೇಕಾದಷ್ಟು ಕಡೆ ತೋರಿಸಬಹುದು. ಹಳೇ ಗ್ಯಾಸ್ ಪೈಪಿನ ಎದುರು, ಮತ್ತೆ ತುಂಬಿಸಿ ತಂದ ಬೆಂಕಿ ಆರಿಸುವ ಸಿಲಿಂಡರಿನ ಎದುರು, ಗಣಿಯ ಕಾಲದ ಛಾವಣಿ ತಗಡಿನ ಎದುರು.

ಗುಜರಿ ಅಂಗಡಿಯ ಹುಡುಗರಿಗೂ, ಹಳೇ ಮನೆ ಖಾಲಿ ಮಾಡುವವರಿಗೂ ಒಂದು ವಿನಂತಿ. ತಾತನ ಟ್ರಂಕಿನಲ್ಲಿ, ಅಟ್ಟದ ಡಬ್ಬದಲ್ಲಿ, ತೂಕಕ್ಕೆ ಬಂದ ಹಿತ್ತಾಳೆಯ ಚೀಲದಲ್ಲಿ ಕಾಡತೂಸು ಕಂಡರೆ ಖಾಲಿಯೋ ತುಂಬಿದ್ದೋ ಎಂದು ನೀವೇ ತೀರ್ಮಾನಿಸಬೇಡಿ. ತಳದಲ್ಲಿ ಕುಳಿ ಬಿದ್ದಿದ್ದರೂ ಸಿಡಿಯದೆ ಉಳಿದ ತೋಟಾಗಳಿರುತ್ತವೆ. ಎಷ್ಟೇ ಹಳೆಯದಾದರೂ, ಎಷ್ಟೇ ಕಿಲುಬು ಹಿಡಿದಿದ್ದರೂ ಒಳಗಿನ ಮದ್ದು ಬದುಕಿರಬಹುದು. ಅದಕ್ಕೆ ಸುತ್ತಿಗೆ ತಾಗಿಸಬೇಡಿ, ಇಕ್ಕಳದಲ್ಲಿ ಹಿಡಿದು ಬಿಚ್ಚಬೇಡಿ, ಮೂಸೆಗೂ ಒಲೆಗೂ ಹಾಕಬೇಡಿ, ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ಇದ್ದ ಜಾಗದಲ್ಲೇ ಬಿಟ್ಟು ಹತ್ತಿರದ ಪೊಲೀಸ್ ಠಾಣೆಗೆ ಫೋನ್ ಮಾಡಿ, ಅವರು ಬಂದು ಒಯ್ಯಲಿ.